ಬೇಸಗೆಯಲ್ಲಿ ಮಲಗುವ ಹೂಗಿಡ

ಪೂರ್ವ ಅಮೆರಿಕದ ಕಾಡುಗಳಲ್ಲಿ ಹಿಮ ಕರಗಿದೊಡನೆ ಗೇಣುದ್ದದ ಗಿಡವೊಂದು ಹೂ ಬಿಡುತ್ತದೆ. ಐದು ಬಿಳಿಯ ಎಸಳು, ಅವುಗಳ ಮೇಲೆ ನಸುಗೆಂಪು ಗೆರೆ. ಜನರು ಇದನ್ನು ‘ಸ್ಪ್ರಿಂಗ್ ಬ್ಯೂಟಿ’ ಎನ್ನುವರು. 1753ರಲ್ಲಿ ಲಿನೀಯಸನು ದಾಖಲಿಸಿದ ಹೆಸರು ಕ್ಲೇಟೋನಿಯ ವರ್ಜಿನಿಕ. ಜೂನ್ ಕಳೆಯುವಷ್ಟರಲ್ಲಿ ಅದರ ಎಲೆಯೂ ಕಾಣದು!

ಗಿಡ ಸತ್ತಿತೆಂದು ಬಗೆದು ಹೊಸ ತೋಟಗಾರನು ಮಡಿಯನ್ನು ಅಗೆದುಬಿಡುವುದುಂಟು. ಆದರೆ ನೆಲದೊಳಗೆ ಅದರ ಪುಟ್ಟ ಗಡ್ಡೆ ಜೀವಂತವಾಗಿಯೇ ಇರುತ್ತದೆ. ನಮ್ಮ ಅಗ್ನಿಶಿಖೆಯೂ ಹೀಗೆಯೇ ಗಡ್ಡೆಯಾಗಿ ಅಡಗುವುದಲ್ಲವೆ? ಅದು ಅಡಗುವುದು ನೀರಿಲ್ಲದೆ. ಇದರ ನಾಡಿನಲ್ಲಿ ಬೇಸಗೆಯಲ್ಲಿಯೂ ಮಳೆಯುಂಟು, ಇಲ್ಲದಿರುವುದು ಬೆಳಕು. ಮೇಪಲ್, ಓಕ್ ಮರಗಳು ಚಿಗುರಿದವೆಂದರೆ ಕೆಳಗೆ ದಟ್ಟ ನೆರಳು. ಅದಕ್ಕೆ ಮುಂಚಿನ ಕೆಲವೇ ವಾರಗಳಲ್ಲಿ ಇಡೀ ವರ್ಷದ ಆಹಾರವನ್ನು ಎಲೆಗಳು ತಯಾರಿಸಿ ಗಡ್ಡೆಗೆ ಇಳಿಸಬೇಕು. ಹುಲ್ಲುಹಾಸಿನಲ್ಲಿ ಇದನ್ನು ಬೆಳೆಸುವವರು ಎಲೆ ತಾನಾಗಿ ಹಳದಿಯಾಗುವವರೆಗೆ ಹುಲ್ಲು ಕತ್ತರಿಸಬಾರದು ಎಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ.

ಎಲೆಯುದುರುವ ಮರದ ಅಡಿಯಲ್ಲಿ, ಎಲೆಗೊಬ್ಬರ ಬೆರೆತ ಮಣ್ಣಿನಲ್ಲಿ, ಶರತ್ಕಾಲದಲ್ಲಿ ಗಡ್ಡೆಯನ್ನು ಎರಡು ಮೂರು ಅಂಗುಲ ಆಳಕ್ಕೆ ನೆಡಬೇಕು. ಪಕ್ಕದಲ್ಲಿ ಒಂದು ಗೂಟ ನೆಟ್ಟರೆ ಬೇಸಗೆಯಲ್ಲಿ ಗುದ್ದಲಿ ತಪ್ಪುತ್ತದೆ. ಗಡ್ಡೆಯನ್ನು ಕಾಡಿನಿಂದ ಕೀಳದೆ ಸಸ್ಯಾಗಾರದಿಂದ ತರುವುದೇ ಸರಿ. ಬೀಜವನ್ನು ಹರಡಲು ಇರುವೆಗಳಿವೆ; ಬೀಜಕ್ಕೆ ಅಂಟಿದ ಎಣ್ಣೆಯ ತುಣುಕಿನ ಆಸೆಗೆ ಅವು ಹೊತ್ತೊಯ್ಯುತ್ತವೆ.

ಈ ಹೂವಿನ ಪರಾಗ ಗುಲಾಬಿ ಬಣ್ಣದ್ದು. ಆಂಡ್ರೀನ ಎರಿಜೀನಿಯೆ ಎಂಬ ಒಂಟಿಬಾಳಿನ ಜೇನ್ನೊಣವೊಂದು ತನ್ನ ಮರಿಗಳಿಗೆ ಈ ಕುಲದ ಗಿಡಗಳ ಪರಾಗವನ್ನೇ ನಂಬಿದೆ. ಆ ಮರಿಗಳು ಬೆಳೆಯುವುದೂ ನೆಲದೊಳಗಿನ ಬಿಲದಲ್ಲಿಯೇ. ಹೊಸ ನೊಣಗಳು ಹೊರಬರುವುದು ಮರುವಸಂತದಲ್ಲಿ, ಹೂವಿನ ಜೊತೆಗೆ.