ಸದ್ದಿಲ್ಲದ ಬಂಡಿ

ಬೇಟೆಗಾರರಿಗೆಂದೇ ತಯಾರಿಸಿದ ಒಂದು ಬಗೆಯ ವಿದ್ಯುತ್ ಬಂಡಿ ಇಂದು ಪರದೇಶಗಳ ಪೇಟೆಗಳಲ್ಲಿ ಮಾರಾಟವಾಗುತ್ತಿದೆ. ನಾಲ್ಕು ದಪ್ಪ ಗಾಲಿಗಳು, ನೆಲದಿಂದ ಎತ್ತರಕ್ಕೆ ನಿಂತ ಮೈ, ಹಿಂಬದಿಗೆ ಹೊರೆ ಹೇರಲು ಒಂದು ತೊಟ್ಟಿ, ಆಸನದ ಕೆಳಗೆ ಬ್ಯಾಟರಿ. ಅದು ರಸ್ತೆಯನ್ನು ಬೇಡುವುದಿಲ್ಲ. ಕಲ್ಲು, ಕೆಸರು, ಹಳ್ಳಗಳಲ್ಲಿ ನಡೆಯುತ್ತದೆ. ಅಮೆರಿಕದಲ್ಲಿ ಪರವಾನಗಿ ಪಡೆದು ಜಿಂಕೆಯ ಬೇಟೆಗೆ ಹೋಗುವವರು ಇದನ್ನು ಕೊಳ್ಳುತ್ತಾರೆ. ಮಾರುವವರು ಇದರ ಗುಣಗಳನ್ನು ಎಣಿಸುವಾಗ ಮೊದಲು ಹೇಳುವುದು ಒಂದೇ ಮಾತು: ಇದು ಸದ್ದು ಮಾಡುವುದಿಲ್ಲ.

ಇಂಥ ಬಂಡಿಯನ್ನು ಆರಿಸುವ ಬಗೆ ಹೇಗೆಂಬುದೇ ಇಂದಿನ ವಿಷಯ. ಬೇಟೆಯೇ ನಿಷಿದ್ಧವಾದ ನಾಡಿನಲ್ಲಿ ಬೇಟೆಯ ಬಂಡಿಯ ಮಾತೇಕೆ ಎಂದು ಕೇಳುಗರು ಕೇಳಿಯಾರು. ನಾನು ಬಾದಾಮಿಯ ಮಗ್ಗುಲಿನ ಚೊಳಚಗುಡ್ಡದ ಕಡೆಯವನು. ಚಕ್ಕಡಿಗಳ ನಡುವೆ ಬೆಳೆದವನು. ನನಗೆ ತೋರುವ ಮಟ್ಟಿಗೆ ಈ ಪ್ರಶ್ನೆ ನಮಗೆ ಹೊಸದೂ ಅಲ್ಲ, ಹೊರಗಿನದೂ ಅಲ್ಲ.

ಬೇಟೆಯನ್ನು ಶಾಸ್ತ್ರವಾಗಿ ಬರೆದಿಟ್ಟವರಲ್ಲಿ ನಮ್ಮ ನೆಲದ ಅರಸನೊಬ್ಬನಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಮೃಗಯೆಗೂ ವಿಸ್ತಾರವಾದ ಸ್ಥಾನವಿದೆ. ಪಳಗಿಸಿದ ಚೀತಾವನ್ನು ಬಿಟ್ಟು ಜಿಂಕೆಯನ್ನು ಹಿಡಿಸುವ ಬೇಟೆಯ ಉಲ್ಲೇಖ ಭಾರತದಲ್ಲಿ ಸ್ಪಷ್ಟವಾಗಿ ಮೊದಲು ದೊರೆಯುವುದು ಆ ಗ್ರಂಥದಲ್ಲೇ ಎಂದು ಬಲ್ಲವರು ಹೇಳುತ್ತಾರೆ. ಚೀತಾ ಎಂದರೆ ನಮ್ಮ ಹಳೆಯ ಮಾತಿನ ಸಿವಂಗಿ. ಮೊಗಲರ ಕಾಲದಲ್ಲಿ ಈ ಬೇಟೆ ದೊಡ್ಡ ವೈಭವವಾಗಿ ಬೆಳೆಯಿತು. ಕೊಲ್ಲಾಪುರದಂಥ ಸಂಸ್ಥಾನಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಉಳಿದುಬಂತು. ಇಲ್ಲಿಯ ಚೀತಾಗಳು ಅಪರೂಪವಾದಾಗ ಕೊಲ್ಲಾಪುರದವರು ಅವನ್ನು ಆಫ್ರಿಕದಿಂದ ತರಿಸಿಕೊಂಡರು.

ಆ ಬೇಟೆಯಲ್ಲಿ ಚೀತಾದಷ್ಟೇ ಮುಖ್ಯವಾದದ್ದು ಎತ್ತಿನ ಬಂಡಿ. ಕಣ್ಣಿಗೆ ಕುಲಾವಿ ಕಟ್ಟಿದ ಚೀತಾವನ್ನು ತಗ್ಗಾದ ಬಂಡಿಯ ಮೇಲೆ ಕೂರಿಸಿಕೊಂಡು ಬಯಲಿಗೆ ಹೋಗುತ್ತಿದ್ದರು. ಕೃಷ್ಣಮೃಗ, ನಮ್ಮವರು ಚಿಗರಿ ಎನ್ನುವ ಪ್ರಾಣಿ, ಕಾಲುನಡಿಗೆಯ ಮನುಷ್ಯನನ್ನು ಕಂಡರೆ ದೂರದಿಂದಲೇ ಹಾರಿ ಓಡುತ್ತದೆ. ಆದರೆ ಹೊಲಕ್ಕೆ ಹೋಗಿಬರುವ ರೈತನ ಬಂಡಿಯನ್ನು ಅದು ದಿನವೂ ಕಂಡಿದೆ. ಬಂಡಿಗೆ ಅದು ಹೆದರದು. ಹೀಗೆ ನೂರಿನ್ನೂರು ಗಜದವರೆಗೆ ಸಾಗಿ ಕುಲಾವಿ ಕಳಚುತ್ತಿದ್ದರು. ಆಮೇಲಿನದು ಕೆಲವು ಕ್ಷಣಗಳ ಮಾತು. ರೈತನ ಬಂಡಿಯ ಮೇಲೆ ಪ್ರಾಣಿ ಇಟ್ಟಿದ್ದ ನಂಬಿಕೆಯನ್ನೇ ಬೇಟೆಗಾರ ತನ್ನ ಆಯುಧ ಮಾಡಿಕೊಂಡಿದ್ದನು. ಇಂದಿನ ವಿದ್ಯುತ್ ಬಂಡಿ ತನ್ನ ನಿಶ್ಶಬ್ದದಿಂದ ಸಾಧಿಸಹೊರಟಿರುವುದು ಬಹುಮಟ್ಟಿಗೆ ಇದನ್ನೇ.

ಆ ಆಟ ಮುಗಿದ ಬಗೆ ಎಲ್ಲರಿಗೂ ತಿಳಿದದ್ದು. ಕೊರಿಯಾ ಸಂಸ್ಥಾನದಲ್ಲಿ 1947ರ ಸುಮಾರಿಗೆ ಮೂರು ಚೀತಾಗಳು ಗುಂಡಿಗೆ ಬಿದ್ದವು. 1952ರಲ್ಲಿ ಭಾರತದಲ್ಲಿ ಚೀತಾದ ಸಂತತಿ ಅಳಿಯಿತೆಂದು ಸಾರಲಾಯಿತು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟು ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಡಬೇಕಾಯಿತು. ಈ ನಡುವೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಪರವಾನಗಿಯ ಬೇಟೆಗೆ ಸ್ವಲ್ಪ ಎಡೆ ಉಳಿದಿದ್ದ ಮೊದಲ ವರ್ಷಗಳಲ್ಲಿಯೂ ಗಾಲಿಯುಳ್ಳ ವಾಹನದಿಂದ ಬೇಟೆಯಾಡಕೂಡದೆಂದು ಅದು ಬೇರೆಯಾಗಿಯೇ ವಿಧಿಸಿತ್ತು. 1991ರ ತಿದ್ದುಪಡಿ ಪರವಾನಗಿಯ ಪದ್ಧತಿಯನ್ನೇ ತೆಗೆದುಹಾಕಿತು. ಕದ್ದು ಬೇಟೆಯಾಡಿದವನಿಗೆ ಸೆರೆವಾಸ ಕಾದಿದೆ. ಅದಕ್ಕೆ ಬಳಕೆಯಾದ ವಾಹನವೂ ವಶವಾಗುತ್ತದೆ. ಆದುದರಿಂದ ನಮ್ಮಲ್ಲಿ ಬೇಟೆಗೆಂದು ಆರಿಸಬಹುದಾದ ಬಂಡಿ ಯಾವುದೂ ಇಲ್ಲ. ಈ ಮಾತು ಮೊದಲು ಸ್ಪಷ್ಟವಾಗಲಿ.

ಆದರೆ ಬೇಟೆಯ ಸಾಧನ ಕಾವಲಿನ ಸಾಧನವಾಗಬಲ್ಲುದು. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ದೃಷ್ಟಾಂತವಿದೆ. ಮುಧೋಳದ ನಾಯಿ ಮೊಲವನ್ನೂ ಜಿಂಕೆಯನ್ನೂ ಓಡಿಸಿ ಹಿಡಿಯಲೆಂದೇ ಬೆಳೆಸಿದ ತಳಿ. ಇಂದು ಅದು ಹೊಲಮನೆಗಳನ್ನು ಕಾಯುತ್ತದೆ, ಸೈನ್ಯದಲ್ಲಿಯೂ ತರಬೇತಿ ಪಡೆದಿದೆ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯೂ ಹೊರಟಿತು. ಬಂಡಿಗೂ ಅಂಥದೇ ಬದಲಾವಣೆ ಸಾಧ್ಯ. ಬೀಳಗಿ, ಮುಧೋಳ ತಾಲ್ಲೂಕುಗಳ ಕುರುಚಲು ಕಾಡಿನಲ್ಲಿ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮ ಸ್ಥಾಪನೆಯಾಯಿತು. ತೊಂಬತ್ತಾರು ಚದರ ಕಿಲೋಮೀಟರಿಗೂ ಹೆಚ್ಚಿನ ಆ ನೆಲದಲ್ಲಿ ಚಿಂಕಾರಗಳೊಡನೆ ತೋಳ, ಕತ್ತೆಕಿರುಬಗಳೂ ಇವೆ. ಮೋಟಾರ್ ಸೈಕಲ್ಲಿನ ಸದ್ದು ಕಳ್ಳನಿಗೆ ಎಚ್ಚರಿಕೆಯಾಗುತ್ತದೆ, ಚಿಂಕಾರಕ್ಕೆ ಗಾಬರಿಯಾಗುತ್ತದೆ. ಇಂಥ ಕಡೆ ಸದ್ದಿಲ್ಲದ ಬಂಡಿಗೆ ಅರ್ಥವಿದೆ. ರಾತ್ರಿ ಹೊಲ ಕಾಯಲು ಹೋಗುವ, ಗೊಬ್ಬರದ ಚೀಲವನ್ನೂ ಪಂಪಿನ ಸಾಮಾನನ್ನೂ ಹೊತ್ತೊಯ್ಯಬೇಕಾದ ರೈತನಿಗೂ ಅದು ಬೇಕಾದೀತು. ನಮಗೆ ದೂರವಲ್ಲದ ಹಂಪಿಯಲ್ಲಿ ವಿಜಯವಿಠ್ಠಲ ದೇವಾಲಯದವರೆಗೆ ಪ್ರವಾಸಿಗಳನ್ನು ಒಯ್ಯಲು ಬ್ಯಾಟರಿ ಬಂಡಿಗಳನ್ನು ಬಳಸುತ್ತಿರುವುದನ್ನು ಅನೇಕರು ಕಂಡಿದ್ದೀರಿ. ಅದು ಹದವಾದ ದಾರಿಯ ಬಂಡಿ. ನಮ್ಮ ಪ್ರಶ್ನೆ ದಾರಿಯಿಲ್ಲದ ಕಡೆಯ ಬಂಡಿಯದು.

ವಿಶ್ವಾಸಾರ್ಹವಾದ ಬಂಡಿ ಎಂದರೇನು? ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆಯುತ್ತಾರೆ. ಆ ತೇರಿನ ಹಗ್ಗ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರುವುದು ಸಂಪ್ರದಾಯ. ನಡುವೆ ಮಲಪ್ರಭೆ ಇದೆ, ಎರೆಯ ನೆಲವಿದೆ. ತೇರು ಹೊರಡುವ ಹೊತ್ತಿಗೆ ಹಗ್ಗ ಬಂದಿರಲೇಬೇಕು. ಎಷ್ಟು ವೇಗವಾಗಿ ಬಂತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಬರಬೇಕಾದ ಹೊತ್ತಿಗೆ, ತರಬೇಕಾದ ಹೊರೆಯೊಡನೆ, ಇರುವ ದಾರಿಯಲ್ಲಿ ಬಂದು ಮುಟ್ಟುವುದೇ ವಿಶ್ವಾಸಾರ್ಹತೆ. ಚಕ್ಕಡಿ ಕೊಳ್ಳುವ ರೈತನೂ ಈ ಮೂರನ್ನೇ ನೋಡುತ್ತಾನೆ: ದಾರಿ, ಹೊರೆ, ಮರಳಿ ಬರುವುದು. ವಿದ್ಯುತ್ ಬಂಡಿಗೂ ಇದೇ ಒರೆಗಲ್ಲು.

ಮೊದಲು ದಾರಿ. ಬಾದಾಮಿಯ ಸುತ್ತ ಒಂದೇ ಹರದಾರಿಯಲ್ಲಿ ಮೂರು ಬಗೆಯ ನೆಲ ಕಾಣುತ್ತದೆ: ಗುಡ್ಡದ ಕೆಂಪು ಮರಳುಗಲ್ಲು, ಹಳ್ಳದ ಉಸುಕು, ಹೊಳೆಸಾಲಿನ ಎರೆ. ಗಾಲ್ಫ್ ಆಟದ ಮೈದಾನಕ್ಕಾಗಿ ಮಾಡಿದ ಬಂಡಿಯ ಹೊಟ್ಟೆ ನೆಲದಿಂದ ನಾಲ್ಕೈದು ಅಂಗುಲ ಮಾತ್ರ ಮೇಲಿರುತ್ತದೆ. ಅದಕ್ಕೆ ದೊಡ್ಡ ಗಾಲಿ ಸಿಕ್ಕಿಸಿ ಕಾಡಿನ ಬಂಡಿಯೆಂದು ಮಾರುವುದೂ ಉಂಟು. ನೆಲಕ್ಕೂ ಬಂಡಿಯ ಅತಿ ತಗ್ಗಿನ ಭಾಗಕ್ಕೂ ಕನಿಷ್ಠ 9-10 ಅಂಗುಲ ಅಂತರವಿರಬೇಕು. ಹೊರೆ ಹೇರಿದ ಮೇಲೆ ಅಳೆಯಬೇಕು. ಉಸುಕಿನಲ್ಲಿ ಗಾಲಿಯ ಗಾಳಿಯನ್ನು ಸ್ವಲ್ಪ ಇಳಿಸಿದರೆ ಅದು ಅಗಲವಾಗಿ ಊರಿ ಹೂತುಹೋಗದೆ ನಡೆಯುತ್ತದೆ. ಹಸಿ ಎರೆ ಗಾಲಿಗೆ ಮೆತ್ತಿಕೊಳ್ಳುವುದರಿಂದ ಗಾಲಿಗೂ ಅದರ ಮೇಲಿನ ತಗಡಿಗೂ ನಡುವೆ ಕೈ ಆಡುವಷ್ಟು ಎಡೆ ಬೇಕು. ನಾಲ್ಕೂ ಗಾಲಿಗಳಿಗೆ ಎಳೆತ ಬರುವ ಬಂಡಿಯಾದರೆ ಒಂದು ಗಾಲಿ ಸಿಕ್ಕಿಬಿದ್ದರೂ ಉಳಿದವು ಹೊರಗೆಳೆದಾವು.

ಎರಡನೆಯದು ಹೊರೆ. ವಿದ್ಯುತ್ ಮೋಟಾರಿಗೆ ಒಂದು ಸಹಜ ಗುಣವುಂಟು. ಪೆಟ್ರೋಲ್ ಎಂಜಿನ್ನು ಒಂದಿಷ್ಟು ವೇಗಕ್ಕೆ ಬಂದ ಮೇಲೆ ತನ್ನ ಬಲವನ್ನು ತೋರಿಸುತ್ತದೆ. ಮೋಟಾರು ನಿಂತಲ್ಲಿಂದಲೇ ಪೂರ್ಣ ಎಳೆತ ಕೊಡುತ್ತದೆ. ಒಳ್ಳೆಯ ಎತ್ತಿನ ಗುಣವೂ ಇದೇ. ಆದರೆ ಏರಿನಲ್ಲಿ ಬಹಳ ಹೊತ್ತು ಎಳೆದರೆ ಮೋಟಾರೂ ಅದನ್ನು ಆಳುವ ನಿಯಂತ್ರಕವೂ ಕಾಯುತ್ತವೆ. ಕಾದಾಗ ತಾವಾಗಿಯೇ ಬಲವನ್ನು ಇಳಿಸುತ್ತವೆ. ಆದುದರಿಂದ ಕೊಳ್ಳುವ ಮುನ್ನ ಹೊರೆ ಹೇರಿ, ಇಬ್ಬರನ್ನು ಕೂರಿಸಿ, ಬೇಸಗೆಯ ನಡುಹಗಲಿನಲ್ಲಿ ಏರು ಹತ್ತಿಸಿ ನೋಡಬೇಕು. ನಡು ಏರಿನಲ್ಲಿ ನಿಲ್ಲಿಸಿ ಕಾಲು ತೆಗೆಯಬೇಕು. ಬಂಡಿ ಹಿಂದಕ್ಕೆ ಉರುಳದೆ ನಿಂತರೆ ಸರಿ. ಅಂಗಡಿಯ ಮುಂದಿನ ಡಾಂಬರು ರಸ್ತೆಯಲ್ಲಿ ಓಡಿಸಿ ತೋರಿಸುವುದು ಪರೀಕ್ಷೆಯಲ್ಲ.

ಮೂರನೆಯದು ಮರಳಿ ಬರುವುದು. ಬ್ಯಾಟರಿಯ ಮಾತೆಲ್ಲ ಇಲ್ಲಿ ಬರುತ್ತದೆ. ಎತ್ತು ದಣಿದರೆ ಬೇವಿನ ನೆರಳಿಗೆ ಬಿಟ್ಟು ಮೇವು ಹಾಕಬಹುದು. ಬ್ಯಾಟರಿ ಬಯಲಿನಲ್ಲಿ ಬರಿದಾದರೆ ಮೇವಿಲ್ಲ. ಲೆಕ್ಕ ಸುಲಭ. ಬ್ಯಾಟರಿಯ ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಅದರಲ್ಲಿ ತುಂಬುವ ಶಕ್ತಿ ಬರುತ್ತದೆ. 48 ವೋಲ್ಟಿನ 105 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು 5 ಯೂನಿಟ್ ವಿದ್ಯುತ್ತು ಹಿಡಿಯುತ್ತದೆ. ಪೂರ್ತಿ ಬರಿದು ಮಾಡಬಾರದು. 4 ಯೂನಿಟ್ ಬಳಕೆಗೆ ಸಿಕ್ಕಿತೆನ್ನೋಣ. ಗಟ್ಟಿ ದಾರಿಯಲ್ಲಿ ಯೂನಿಟ್ಟಿಗೆ 10 ಕಿಲೋಮೀಟರ್ ಓಡುವ ಬಂಡಿ 40 ಕಿಲೋಮೀಟರ್ ಹೋದೀತು. ಮಾರುವವನು ಹೇಳುವ ಸಂಖ್ಯೆ ಇದು. ಮೆತ್ತನೆಯ ನೆಲದಲ್ಲಿ ವೆಚ್ಚ ಇಮ್ಮಡಿಯಾದರೆ ಅದು 20ಕ್ಕೆ ಇಳಿಯುತ್ತದೆ. ಹೋದವನು ಬರಬೇಕಾದ್ದರಿಂದ ನಿಜವಾದ ದೂರ 10 ಕಿಲೋಮೀಟರ್. ಕೊಳ್ಳುವವನು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದದ್ದು ಈ ಕೊನೆಯ ಸಂಖ್ಯೆಯನ್ನು.

ಬ್ಯಾಟರಿಯಲ್ಲಿ ಎರಡು ಜಾತಿ. ಸೀಸದ್ದು ಅಗ್ಗ, ತಾಲ್ಲೂಕು ಊರಿನಲ್ಲೂ ರಿಪೇರಿಯಾಗುತ್ತದೆ; ಆದರೆ ಭಾರ ಬಹಳ, ಪದೇಪದೇ ಆಳವಾಗಿ ಬರಿದು ಮಾಡಿದರೆ ಬೇಗ ಸಾಯುತ್ತದೆ. ಲಿಥಿಯಂ ಕಬ್ಬಿಣ ಫಾಸ್ಫೇಟಿನದು ದುಬಾರಿ, ಆದರೆ ಅದೇ ಶಕ್ತಿಗೆ ತೂಕ ಸುಮಾರು ಮೂರರಲ್ಲೊಂದು ಪಾಲು. ಎರಡು ಸಾವಿರ ಸಲಕ್ಕೂ ಮೇಲೆ ತುಂಬಿ ಬಳಸಬಹುದು. ಎರಡಕ್ಕೂ ಶತ್ರು ಬಿಸಿಲು. ಸೀಸದ ಬ್ಯಾಟರಿಯ ಉಷ್ಣತೆ ಹತ್ತು ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ತಂತ್ರಜ್ಞರು ಬಳಸುವ ಸ್ಥೂಲ ನಿಯಮ. ನಮ್ಮ ಕಡೆಯ ಬೇಸಗೆಯನ್ನು ಬಲ್ಲವರು ಬಂಡಿಗೆ ಮೊದಲು ಚಪ್ಪರ ಹಾಕಿಸುತ್ತಾರೆ. ಹಳ್ಳಿಯಲ್ಲಿ ವಿದ್ಯುತ್ತು ಹೊತ್ತು ನೋಡಿ ಬರುವುದರಿಂದ ಬ್ಯಾಟರಿ ತುಂಬಲು ಎಷ್ಟು ಗಂಟೆ ಬೇಕೆಂಬುದನ್ನೂ ಕೇಳಬೇಕು. ಒಂದು ಕಿಲೋವ್ಯಾಟಿನ ಸೌರಫಲಕ ನಮ್ಮ ಬಿಸಿಲಿನಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಸುಡುವ ಸೂರ್ಯನೇ ಮೇವು ಹಾಕುವವನೂ ಆಗುತ್ತಾನೆ.

ನೀರಿನ ಮಾತೊಂದಿದೆ. ಕೆಲವು ಮೋಟಾರುಗಳ ಮೇಲೆ ‘ಐಪಿ 67’ ಎಂದು ಬರೆದಿರುತ್ತದೆ. ಆರು ಎಂದರೆ ಧೂಳು ಒಳಹೋಗದು; ಏಳು ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಕೆಡದು. ಆದರೆ ಆ ಭರವಸೆ ಆ ಭಾಗಕ್ಕೆ ಮಾತ್ರ, ಅದೂ ನಿಂತ ನೀರಿನಲ್ಲಿ. ತಂತಿಗಳು ಕೂಡುವ ಜಾಗಗಳಿಗೂ ಅಂಥ ರಕ್ಷಣೆ ಇದೆಯೇ ಎಂದು ಬಗ್ಗಿ ನೋಡಬೇಕು. ಹಳ್ಳ ತುಂಬಿ ಹರಿಯುವಾಗ ಯಾವ ಬಂಡಿಯನ್ನೂ ಇಳಿಸಬಾರದೆಂಬುದು ಎತ್ತಿನ ಕಾಲದಿಂದ ಬಂದ ವಿವೇಕ.

ಕಡೆಯದಾಗಿ ರಿಪೇರಿ. ಗಾಲಿಗೆ ಹಳಿ ಕಟ್ಟುವ ಕಮ್ಮಾರ, ಅಚ್ಚು ಕೂರಿಸುವ ಬಡಿಗ ಊರಲ್ಲೇ ಇದ್ದುದರಿಂದ ಚಕ್ಕಡಿ ತಲೆಮಾರುಗಳ ಕಾಲ ನಡೆಯಿತು. ಕಡೆಗೀಲಿನಂಥ ಚಿಕ್ಕ ವಸ್ತುವಿನ ಮಹತ್ವವನ್ನು ಜೇಡರ ದಾಸಿಮಯ್ಯ ವಚನದಲ್ಲೇ ಕಾಣಿಸಿದ್ದಾನೆ. ಸಾಹಿತ್ಯಪ್ರಿಯರಿಗೆ ಅದನ್ನು ನೆನಪಿಸಬೇಕಾಗಿಲ್ಲ. ವಿದ್ಯುತ್ ಬಂಡಿಯ ಕಡೆಗೀಲು ಅದರ ನಿಯಂತ್ರಕ ಪೆಟ್ಟಿಗೆ. ಅದು ಕೆಟ್ಟರೆ ಮೋಟಾರೂ ಬ್ಯಾಟರಿಯೂ ಗಟ್ಟಿಯಿದ್ದರೂ ಬಂಡಿ ಅಲ್ಲಾಡದು. ಬದಲಿ ಪೆಟ್ಟಿಗೆ ಎಲ್ಲಿ ಸಿಗುತ್ತದೆ, ಎಷ್ಟು ದಿನಕ್ಕೆ ಬರುತ್ತದೆ, ಕೂರಿಸಬಲ್ಲವರು ಬಾಗಲಕೋಟೆಯಲ್ಲಿದ್ದಾರೋ ಬೆಂಗಳೂರಿನಿಂದ ಬರಬೇಕೋ ಎಂಬುದಕ್ಕೆ ಬರಹದಲ್ಲಿ ಉತ್ತರ ಪಡೆಯದೆ ಹಣ ಕೊಡಬಾರದು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಬಂಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದರು. ಬಂಡಿಯನ್ನು ಎಳೆಯುವವರ, ಹೊಡೆಯುವವರ ಕಡೆಯಿಂದ ನೋಡಬೇಕೆಂಬ ಅವರ ದೃಷ್ಟಿ ಯಂತ್ರದ ಬಂಡಿಗೂ ಸಲ್ಲುತ್ತದೆ.

ಇಂಥ ಬಂಡಿ ಹೊಲಕ್ಕೂ ಗುಡ್ಡಕ್ಕೂ ಸರಿ, ಸಾರ್ವಜನಿಕ ರಸ್ತೆಗೆ ತರುವಂತಿಲ್ಲ. 250 ವ್ಯಾಟಿಗಿಂತ ಕಡಿಮೆ ಬಲದ, ಗಂಟೆಗೆ 25 ಕಿಲೋಮೀಟರ್ ಮೀರದ ಹಗುರ ವಾಹನಗಳಿಗೆ ಮಾತ್ರ ನೋಂದಣಿಯಿಂದ ವಿನಾಯಿತಿಯಿದೆ. ಇದರ ಬಲ ಅದಕ್ಕಿಂತ ಎಷ್ಟೋ ಹೆಚ್ಚು. ನೋಂದಣಿಯಾಗಬಲ್ಲ ಮಾದರಿಯೇ ಎಂದು ಮೊದಲೇ ಕೇಳಿ ತಿಳಿಯಬೇಕು.

ಇನ್ನು ಆ ನಿಶ್ಶಬ್ದದ ಗುಣ. ಅದು ಒಳ್ಳೆಯದೋ ಕೆಟ್ಟದೋ ಎಂಬುದು ಬಂಡಿ ಹೊಡೆಯುವವನನ್ನು ಅವಲಂಬಿಸಿದೆ. ಕಾವಲುಗಾರನಿಗೆ ಅದು ಬಲ, ಕಳ್ಳಬೇಟೆಗಾರನಿಗೂ ಬಲ. ಜನ ನಡೆಯುವ ದಾರಿಯಲ್ಲಿ ಅಪಾಯವೂ ಹೌದು. ಐರೋಪ್ಯ ಒಕ್ಕೂಟ 2019ರಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳು ನಿಧಾನವಾಗಿ ಚಲಿಸುವಾಗ ಸದ್ದು ಹೊರಡಿಸಲೇಬೇಕೆಂದು ವಿಧಿಸಿದೆ. ನಮ್ಮ ಹಿರಿಯರು ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟಿದ್ದರಲ್ಲಿ ಅಂದವಿತ್ತು, ಎಚ್ಚರವೂ ಇತ್ತು. ಬಂಡಿ ಬರುತ್ತಿದೆಯೆಂದು ಎದುರಿನವನಿಗೆ ತಿಳಿಯುತ್ತಿತ್ತು. ಸದ್ದಿಲ್ಲದ ಬಂಡಿಯನ್ನು ಕೊಳ್ಳುವವನು ಊರೊಳಗೆ ಬರುವಾಗ ಬಾರಿಸಲು ಒಂದು ಗಂಟೆಯನ್ನೂ ಕೊಳ್ಳಲಿ. ಗುಡ್ಡದಲ್ಲಿ ಅವನ ಬಂಡಿ ಹತ್ತಿರ ಬಂದರೂ ಚಿಂಕಾರ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದರೆ, ಆ ನಂಬಿಕೆಯನ್ನು ಈ ಸಲವಾದರೂ ನಾವು ಉಳಿಸಿಕೊಂಡಂತಾಗುತ್ತದೆ.

(ಬಾನುಲಿ ಭಾಷಣ)