ನಾಟಿಯ ಯಂತ್ರವೂ ನಮ್ಮ ಕೃಷಿಕನೂ

ಬೇಸಾಯಗಾರನು ಹೊಸತನ್ನು ಒಲ್ಲನೆಂದು ಪೇಟೆಯವರು ಆಡುವುದುಂಟು. ಉಡುಪಿ, ಕಾಪು, ಕಾರ್ಕಳಗಳ ಗದ್ದೆಯಂಚಿನಲ್ಲಿ ನಿಂತು ನೋಡಿದ ನಮಗೆ ಈ ಅಪವಾದವು ಒಪ್ಪಿಗೆಯಿಲ್ಲ. ಕೇರಳದ ಮೊಂಕೊಂಪಿನಲ್ಲಿ ಸಿದ್ಧವಾದ ಎಂ.ಓ. ೪ ಎಂಬ ಕೆಂಪಕ್ಕಿಯ ಭತ್ತವನ್ನು ಈ ಕರಾವಳಿಯವರು ತಮ್ಮದಾಗಿಸಿಕೊಂಡಿಲ್ಲವೇ?

ವಾಚಕರು ನಾಟಿಯ ಯಂತ್ರವನ್ನೇ ಪರಿಶೀಲಿಸಲಿ. ಅದಕ್ಕೆ ಬಲಿತ ನೇಜಿಯು ಸಲ್ಲದು. ಸುಮಾರು ಹದಿನೈದು ದಿನಗಳ ಎಳೆಯ ಚಾಪೆನೇಜಿಯೇ ಬೇಕು. ನಡುಮಟ್ಟದ ಮಜಲುಗದ್ದೆಯಲ್ಲಿ ಯಂತ್ರವು ಸಲೀಸಾಗಿ ಓಡೀತು. ಆಳಕೆಸರಿನ ಬೈಲಿನಲ್ಲಿ ಹೂತುಹೋದೀತು. ಬೈಲಿನವನು ಬೇಡವೆಂದರೆ ಅದು ಜಡತೆಯಲ್ಲ, ವಿವೇಕ.

೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರನು ಭೂಮಿಯ ಒಡೆಯನಾದನು. ಬಳಿಕ ಪಾಲುಪಟ್ಟಿಗಳಾಗಿ ಹಿಡುವಳಿಗಳು ತುಂಡಾದುವು. ಎಕರೆಯೊಂದರ ಒಡೆಯನು ಲಕ್ಷಗಟ್ಟಲೆಯ ಯಂತ್ರವನ್ನು ಕೊಂಡು, ವರ್ಷಕ್ಕೆ ನಾಲ್ಕು ದಿನ ನಡೆಸಿ, ಕೊಟ್ಟಿಗೆಯಲ್ಲಿ ಕಟ್ಟಿಹಾಕಲೇ? ಬಾಡಿಗೆಗೆ ದೊರೆತರೆ ಮಾತ್ರ ಅದು ಅವನಿಗೆ ದಕ್ಕುವುದು. ಸರಕಾರದ ಕೃಷಿ ಯಂತ್ರಧಾರೆ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಯಂತ್ರಶ್ರೀ, ಇವೆರಡೂ ಈ ಮರ್ಮವನ್ನು ಅರಿತಿವೆ. ಆದರೆ ಬಾಡಿಗೆಯೂ ಮಳೆಯ ನಕ್ಷತ್ರವನ್ನು ನೋಡಿ ಬರಬೇಕು. ಆರ್ದ್ರೆಗೆ ಬೇಕಾದುದು ಪುಷ್ಯಕ್ಕೆ ಬಂದರೆ ಅಷ್ಟರಲ್ಲಿ ನೇಜಿಯು ಬಲಿತು ನಿಂತಿರುತ್ತದೆ.

ಆಳಿನ ಅಭಾವವು ಎಲ್ಲರಿಗೂ ತಿಳಿದದ್ದೇ. ನೇಜಿ ನೆಡುತ್ತಿದ್ದ ತಾಯಂದಿರ ಮಕ್ಕಳು ಮಣಿಪಾಲಕ್ಕೂ ಮುಂಬಯಿಗೂ ಉದ್ಯೋಗಕ್ಕೆ ಹೋದರು.

ಇದಕ್ಕಿಂತ ಸೂಕ್ಷ್ಮವಾದ ಕಾರಣವು ನೆರೆಮನೆಯಲ್ಲಿದೆ. ಬ್ರಹ್ಮಾವರದ ಸಂಶೋಧನ ಕೇಂದ್ರವು ಎಷ್ಟೇ ಹೇಳಲಿ, ಪಕ್ಕದ ಗದ್ದೆಯ ತೆನೆಯು ತೂಗಿದ ಮೇಲೆಯೇ ಇವನ ಮನಸ್ಸು ತೂಗುವುದು. ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಮೊದಲನೆಯದೆಂದು ನಾವು ಮಕ್ಕಳಿಗೆ ಬಹುಕಾಲ ಕಲಿಸಿದೆವು. ಕೃಷಿಕನಿಗೆ ಅದನ್ನು ಯಾರೂ ಕಲಿಸಬೇಕಿಲ್ಲ.

ಈಗ ಔಷಧ ಸಿಂಪಡಿಸುವ ಡ್ರೋನು ಬಂದಿದೆ. ಅವನು ಕೇಳುವುದು ಎರಡೇ: ಎಕರೆಗೆ ಬಾಡಿಗೆಯೆಷ್ಟು? ಕೆಟ್ಟರೆ ರಿಪೇರಿ ಮಾಡುವವನು ಕಾರ್ಕಳದಲ್ಲಿಯೇ ಸಿಗುವನೋ?