ಉತ್ತರ ತಿಳಿಯದ ಪ್ರಯೋಗ

ಕಾಲೇಜಿನ ರಸಾಯನ ಪ್ರಯೋಗಶಾಲೆಯನ್ನು ಹೊಕ್ಕು ಬಂದವರಿಗೆಲ್ಲ ಪರಿಚಿತವಾದ ಪ್ರಶ್ನೆಯೊಂದುಂಟು: “ಎಷ್ಟು ಬರಬೇಕು?” ಬ್ಯೂರೆಟ್ಟಿನಿಂದ ಆಮ್ಲವು ತೊಟ್ಟುತೊಟ್ಟಾಗಿ ಇಳಿಯುತ್ತಿರುತ್ತದೆ, ಕೆಳಗಿನ ಗಾಜಿನ ಕೂಜೆಯಲ್ಲಿ ಬಣ್ಣವಿನ್ನೂ ತಿರುಗಿರುವುದಿಲ್ಲ, ಅಷ್ಟರಲ್ಲಿಯೇ ವಿದ್ಯಾರ್ಥಿಯು ಪಕ್ಕದವನ ಕಡೆಗೆ ಬಾಗಿ ಈ ಮಾತನ್ನು ಪಿಸುಗುಟ್ಟುತ್ತಾನೆ. ಇಪ್ಪತ್ತು ಬರಬೇಕೆಂದು ತಿಳಿದರೆ ಸಾಕು, 20.6 ಬಂದುದು 20.1 ಆಗಿ ಪುಸ್ತಕದಲ್ಲಿ ನೆಲಸುತ್ತದೆ. ನಾವೂ ವಿದ್ಯಾರ್ಥಿಗಳಾಗಿದ್ದಾಗ ಹೀಗೆ ಬರೆದುದುಂಟು. ಅದಕ್ಕೆ ಒಳ್ಳೆಯ ಅಂಕಗಳನ್ನು ಪಡೆದುದೂ ಉಂಟು. ವಾಚಕರಲ್ಲಿ ಬಿ.ಎಸ್ಸಿ. ಓದಿದವರು ಎದೆ ಮುಟ್ಟಿ ನೋಡಿಕೊಂಡರೆ ನಮ್ಮ ಮೇಲೆ ಮುನಿಯಲಾರರು.

ಇದನ್ನು ವಿದ್ಯಾರ್ಥಿಯ ದೋಷವೆಂದಷ್ಟೇ ಹೇಳಿ ಮುಗಿಸುವಂತಿಲ್ಲ. ಸರಿಯಾದ ಉತ್ತರವು ಮೊದಲೇ ಅಧ್ಯಾಪಕರ ಬಳಿ ಇರುವಾಗ, ಅದಕ್ಕೆ ಹೊಂದುವಂತೆ ಅಂಕಿಯನ್ನು ತಿದ್ದುವ ಆಸೆ ಹುಟ್ಟುವುದು ಸಹಜ. ಹಾಗೆಂದು ಇಂಥ ಪ್ರಯೋಗಗಳು ಬೇಡವೆಂದು ನಾವು ಹೇಳುವುದಿಲ್ಲ. ತಕ್ಕಡಿಯಲ್ಲಿ ತೂಗುವುದು, ಒತ್ತರವನ್ನು ಸೋಸುವುದು, ಬಣ್ಣ ತಿರುಗುವ ಗಳಿಗೆಯನ್ನು ಗುರುತಿಸುವುದು, ಇವೆಲ್ಲ ಅಭ್ಯಾಸದಿಂದಲೇ ಬರಬೇಕಾದ ವಿದ್ಯೆಗಳು. ಸಂಗೀತ ಕಲಿಯುವವನು ಸರಳೆ ವರಸೆಯನ್ನು ಬಿಟ್ಟು ರಾಗಾಲಾಪನೆಗೆ ಹೋಗಲಾರ. ಆದರೆ ವರ್ಷಗಟ್ಟಲೆ ಸರಳೆ ವರಸೆಯನ್ನೇ ಹಾಡಿಸಿ ಮನೆಗೆ ಕಳುಹಿಸಿದರೆ ಅವನಿಗೆ ಸಂಗೀತ ಬಂದಿತೆನ್ನಬಹುದೆ?

ಗೀಸೆನ್ನಿನ ಕಾವಲುಮನೆ

ರಸಾಯನವನ್ನು ಸಂಶೋಧನೆಯ ಮೂಲಕವೇ ಕಲಿಸಬೇಕೆಂಬುದು ಹೊಸ ಮಾತಲ್ಲ. 1824ರಲ್ಲಿ ಯುಸ್ಟುಸ್ ಲೀಬಿಗ್ ಎಂಬ 21 ವರ್ಷದ ತರುಣನು ಜರ್ಮನಿಯ ಗೀಸೆನ್ ವಿಶ್ವವಿದ್ಯಾನಿಲಯಕ್ಕೆ ಪ್ರಾಧ್ಯಾಪಕನಾಗಿ ಬಂದನು. ಸಿಪಾಯಿಗಳು ತೆರವು ಮಾಡಿದ ಹಳೆಯ ಕಾವಲುಮನೆಯೇ ಅವನ ಪ್ರಯೋಗಶಾಲೆಯಾಯಿತು. ಅಲ್ಲಿ ಮೂಲಪಾಠಗಳನ್ನು ಮುಗಿಸಿದ ವಿದ್ಯಾರ್ಥಿಗೆ ಸ್ವಂತದ್ದೊಂದು ಸಮಸ್ಯೆ ದೊರೆಯುತ್ತಿತ್ತು. ಹಿಂದಿನ ದಿನ ಏನು ಮಾಡಿದೆ, ಇಂದು ಏನು ಮಾಡುವೆ ಎಂಬುದನ್ನು ಪ್ರತಿಯೊಬ್ಬನೂ ಬೆಳಗ್ಗೆ ಗುರುವಿಗೆ ಒಪ್ಪಿಸಬೇಕು. ಗುರುವು ಒಪ್ಪುವನು ಅಥವಾ ಆಕ್ಷೇಪಿಸುವನು. ದಾರಿಯನ್ನು ಮಾತ್ರ ಶಿಷ್ಯನೇ ಹುಡುಕಿಕೊಳ್ಳಬೇಕು.

ಇದಕ್ಕೆ ಅನುಕೂಲವಾಗಿ ಒದಗಿದುದು ಲೀಬಿಗನು 1831ರಲ್ಲಿ ರೂಪಿಸಿದ, ಐದು ಗುಂಡುಗಳುಳ್ಳ ಒಂದು ಪುಟ್ಟ ಗಾಜಿನ ಉಪಕರಣ. ಸಾವಯವ ವಸ್ತುವನ್ನು ಸುಟ್ಟಾಗ ಬರುವ ಇಂಗಾಲಾಮ್ಲ ಅನಿಲವನ್ನು ಅದರೊಳಗಿನ ಪೊಟ್ಯಾಷ್ ದ್ರಾವಣವು ಹೀರಿಕೊಳ್ಳುತ್ತಿತ್ತು. ಮೊದಲ ತೂಕ, ಆಮೇಲಿನ ತೂಕ, ಇವುಗಳ ವ್ಯತ್ಯಾಸದಿಂದ ವಸ್ತುವಿನಲ್ಲಿದ್ದ ಇಂಗಾಲವೆಷ್ಟೆಂಬುದು ತಿಳಿಯುತ್ತಿತ್ತು. ಅದುವರೆಗೆ ನುರಿತ ಕೆಲವರಿಗಷ್ಟೇ ಸಾಧ್ಯವಿದ್ದ ವಿಶ್ಲೇಷಣೆಯು ಸಾಮಾನ್ಯ ವಿದ್ಯಾರ್ಥಿಯ ಕೈಗೂ ದಕ್ಕಿತು. ಸಂಶೋಧನೆಗೆ ಅರಮನೆಯಂಥ ಕಟ್ಟಡ ಬೇಕಿಲ್ಲ. ತಕ್ಕ ಉಪಕರಣ, ತಕ್ಕ ಪ್ರಶ್ನೆ, ದಿನವೂ ಕೇಳುವ ಗುರು, ಇಷ್ಟಿದ್ದರೆ ನಡೆಯುತ್ತದೆ.

ಕೈತಪ್ಪಿದ ಕ್ವಿನೈನ್, ಕೈಹತ್ತಿದ ಲೋಹ

ಲೀಬಿಗನ ಶಿಷ್ಯ ಹಾಫ್ಮನ್ 1845ರಲ್ಲಿ ಲಂಡನ್ನಿನ ರಾಯಲ್ ರಸಾಯನ ಕಾಲೇಜಿನ ಮುಖ್ಯಸ್ಥನಾದನು. 1853ರಲ್ಲಿ ಅವನ ಬಳಿಗೆ ಬಂದ ವಿಲಿಯಂ ಹೆನ್ರಿ ಪರ್ಕಿನ್ನನಿಗೆ ಆಗ ವಯಸ್ಸು 15. ಚಳಿಜ್ವರಕ್ಕೆ ಮದ್ದಾದ ಕ್ವಿನೈನನ್ನು ಕಲ್ಲಿದ್ದಲ ಟಾರಿನಿಂದ ದೊರೆಯುವ ವಸ್ತುಗಳಿಂದ ತಯಾರಿಸಬಹುದೇನೋ ಎಂಬ ಗುರುವಿನ ಮಾತು ಹುಡುಗನ ತಲೆಯಲ್ಲಿ ಕುಳಿತಿತು. 1856ರ ಈಸ್ಟರ್ ರಜೆಯಲ್ಲಿ ಮನೆಯ ಪುಟ್ಟ ಪ್ರಯೋಗಶಾಲೆಯಲ್ಲಿ ಯತ್ನಿಸಿದಾಗ ಬಂದುದು ಕ್ವಿನೈನಲ್ಲ, ಕೆಂಗಂದು ಬಣ್ಣದ ಪುಡಿ. ಪರಮಾಣುಗಳ ಲೆಕ್ಕ ಸರಿಹೊಂದಿದರೆ ಸಾಲದು, ಅವುಗಳ ಜೋಡಣೆಯೂ ಹೊಂದಬೇಕು. ಕ್ವಿನೈನಿನ ಜೋಡಣೆಯಾದರೋ ಅಂದು ಯಾರಿಗೂ ತಿಳಿದಿರಲಿಲ್ಲ.

ಪರ್ಕಿನ್ ಅದನ್ನು ಚೆಲ್ಲಿ ಸುಮ್ಮನಾಗಲಿಲ್ಲ. ಇನ್ನೂ ಸರಳವಾದ ಅನಿಲೀನಿನೊಡನೆ ಅದೇ ಕ್ರಿಯೆಯನ್ನು ನಡೆಸಿ ನೋಡಿದನು. ಈ ಬಾರಿ ಕಪ್ಪು ಒತ್ತರವೊಂದು ಬಂದಿತು. ಅದನ್ನು ಆಲ್ಕೊಹಾಲಿನಲ್ಲಿ ಕರಗಿಸಿದಾಗ ಸೊಗಸಾದ ನೇರಳೆ ಬಣ್ಣ ಬಿಟ್ಟಿತು. ಕೃತಕ ವರ್ಣಗಳ ಉದ್ಯಮವು ಹುಟ್ಟಿದುದು ಅಲ್ಲಿ. ಅವನ ಅನಿಲೀನಿನಲ್ಲಿ ಟಾಲ್ಯೂಡೀನ್ ಎಂಬ ಕಲಬೆರಕೆ ಇಲ್ಲದಿದ್ದರೆ ಆ ಬಣ್ಣ ಬರುತ್ತಲೇ ಇರಲಿಲ್ಲವೆಂಬುದು ಆಮೇಲೆ ತಿಳಿದ ಸಂಗತಿ. ಅದೃಷ್ಟವೆನ್ನೋಣ, ಆದರೆ ಬಂದುದನ್ನು ಬಂದಂತೆಯೇ ನೋಡುವವನಿಗೆ ಮಾತ್ರ ಅದು ಒಲಿಯಿತು.

ಅಮೆರಿಕದ ಓಬರ್ಲಿನ್ ಕಾಲೇಜಿನ ಚಾರ್ಲ್ಸ್ ಮಾರ್ಟಿನ್ ಹಾಲ್‌ನ ಕಥೆಯೂ ಇಂಥದೇ. ಅಲ್ಯುಮಿನಿಯಮನ್ನು ಅಗ್ಗವಾಗಿ ತೆಗೆಯುವ ದಾರಿಯನ್ನು ಕಂಡವನು ಲೋಕಕ್ಕೂ ತನಗೂ ಉಪಕಾರ ಮಾಡಿಕೊಂಡಾನೆಂದು ಪ್ರಾಧ್ಯಾಪಕ ಜ್ಯೂಯೆಟ್ ತರಗತಿಯಲ್ಲಿ ಹೇಳಿದ್ದರು. ಹಾಲ್ 1885ರಲ್ಲಿ ಪದವಿ ಪಡೆದ ಬಳಿಕವೂ ಅದೇ ಹಟವನ್ನು ಹಿಡಿದು, ಮನೆಯ ಸೌದೆಯ ಕೊಟ್ಟಿಗೆಯಲ್ಲಿ ಕೆಲಸ ಮುಂದುವರಿಸಿದನು. ರಸಾಯನ ಓದಿದ್ದ ಅಕ್ಕ ಜೂಲಿಯಾ ಜೊತೆಗಿದ್ದಳು. ಕರಗಿದ ಕ್ರಯೊಲೈಟಿನಲ್ಲಿ ಅಲ್ಯುಮಿನವನ್ನು ಬೆರೆಸಿ ವಿದ್ಯುತ್ತನ್ನು ಹಾಯಿಸಿದಾಗ ಮೊದಲು ದೊರೆತುದು ಬೂದು ಬಣ್ಣದ ಒಂದು ಲೇಪ, ಲೋಹವಲ್ಲ. ಮಣ್ಣಿನ ಮೂಸೆಯೇ ಕರಗಿ ಬೆರೆಯುತ್ತಿದೆಯೆಂದು ಅವನು ಶಂಕಿಸಿ, ಮೂಸೆಯ ಒಳಗೆ ಇಂಗಾಲದ ಹೊದಿಕೆಯನ್ನಿಟ್ಟನು. 1886ರ ಫೆಬ್ರವರಿ 23ರಂದು ಬೆಳ್ಳಗಿನ ಲೋಹದ ಗುಂಡುಗಳು ಕಾಣಿಸಿದುವು. ಇಂದಿಗೂ ಲೋಕದ ಅಲ್ಯುಮಿನಿಯಮ್ ಈ ವಿಧಾನದಿಂದಲೇ ಬರುತ್ತಿದೆ.

ಸರಿಯೆಂದು ಹೇಳುವವರಾರು?

ಎಲ್ಲ ವಿದ್ಯಾರ್ಥಿಗಳೂ ಪರ್ಕಿನ್ನರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಸಂಶೋಧನೆಯಿಂದ ಅವರು ಕಲಿಯಬೇಕಾದುದು ಬೇರೊಂದು. ಉತ್ತರವು ಯಾರ ಬಳಿಯೂ ಇಲ್ಲದಿರುವಾಗ, ನಾವು ಪಡೆದ ಅಂಕಿ ಸರಿಯೆಂದು ಹೇಳುವವರಾರು?

ನಮ್ಮ ಸೀಮೆಯ ಉದಾಹರಣೆಯೊಂದನ್ನು ನೋಡೋಣ. ಕೋಲಾರ, ತುಮಕೂರು, ಚಿತ್ರದುರ್ಗ ಮೊದಲಾದ ಜಿಲ್ಲೆಗಳ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿಲ್ಲದ ಕಡೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದಕ್ಕೂ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲುಗಳಲ್ಲಿ ಕಲೆಗಳೇಳುತ್ತವೆ. ತೀರ ಹೆಚ್ಚಾದರೆ ಮೂಳೆಗಳೂ ಕೆಡುತ್ತವೆ. ಕಾಲೇಜಿನ ಸುತ್ತಲಿನ ಹತ್ತು ಕೊಳವೆಬಾವಿಗಳಲ್ಲಿ ಮಳೆಗೆ ಮುಂಚೆ ಎಷ್ಟು, ಮಳೆಯ ಬಳಿಕ ಎಷ್ಟು ಎಂಬುದು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ.

ಅಳೆಯುವ ಒಂದು ವಿಧಾನ ಹೀಗಿದೆ. ಜಿರ್ಕೋನಿಯಮ್ ಒಂದು ವರ್ಣದೊಡನೆ ಕೂಡಿ ಕೆಂಪಗಿರುತ್ತದೆ. ನೀರಿನ ಫ್ಲೋರೈಡ್ ಆ ಜಿರ್ಕೋನಿಯಮನ್ನು ಸೆಳೆದುಕೊಂಡಾಗ ಬಣ್ಣ ಮಾಸುತ್ತದೆ. ಮಾಸಿದ ಪ್ರಮಾಣವನ್ನು ವರ್ಣಮಾಪಕದಿಂದ ಅಳೆಯುತ್ತಾರೆ. ಒಂದು ಬಾವಿಯ ನೀರಿನಲ್ಲಿ 0.6 ಮಿಲಿಗ್ರಾಂ ಬಂದಿತೆನ್ನೋಣ. ಇದನ್ನು ನಂಬಬಹುದೆ? ಮೊದಲು ಶುದ್ಧಜಲದಿಂದ ಅದೇ ಪ್ರಯೋಗವನ್ನು ನಡೆಸಿ ಸೊನ್ನೆ ಬರುವುದೇ ಎಂದು ನೋಡಬೇಕು. ಅದೇ ನೀರನ್ನು ಮೂರು ಬಾರಿ ಅಳೆಯಬೇಕು. ಅನಂತರ ಆ ನೀರಿಗೆ ಲೀಟರಿಗೆ 0.5 ಮಿಲಿಗ್ರಾಮಿನಷ್ಟು ಫ್ಲೋರೈಡನ್ನು ನಾವೇ ಸೇರಿಸಿ ಅಳೆಯಬೇಕು. 1.1 ಬರಬೇಕಾದ ಕಡೆ 0.9 ಬಂದರೆ ನೀರು ಏನನ್ನೋ ಮರೆಮಾಡುತ್ತಿದೆಯೆಂದು ಅರ್ಥ. ಅಲ್ಯುಮಿನಿಯಮ್ ಇದ್ದ ನೀರಿನಲ್ಲಿ ಹೀಗಾಗುವುದುಂಟು. ಅದು ಫ್ಲೋರೈಡನ್ನು ತಾನೇ ಹಿಡಿದುಕೊಂಡು ಅಂಕಿಯನ್ನು ಇಳಿಸಿ ತೋರಿಸುತ್ತದೆ.

ಇಲ್ಲಿ ಪಕ್ಕದವನನ್ನು “ಎಷ್ಟು ಬರಬೇಕು?” ಎಂದು ಕೇಳಿ ಫಲವಿಲ್ಲ. ಅಂಕಿಯನ್ನು ತಿದ್ದಿದರೆ ಕಳೆಯುವುದು ಎರಡು ಅಂಕಗಳಲ್ಲ. ಆ ಬಾವಿಯ ನೀರನ್ನು ಕುಡಿಯುವ ಮನೆಗಳ ಮಕ್ಕಳ ಹಲ್ಲು. ಇದನ್ನೊಮ್ಮೆ ಮನಗಂಡ ವಿದ್ಯಾರ್ಥಿನಿಗೆ ಪ್ರಾಮಾಣಿಕತೆಯ ಮೇಲೆ ಬೇರೆ ಉಪನ್ಯಾಸ ಬೇಕಾಗದು.

ಆಗಬೇಕಾದುದು

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು 1987ರಿಂದ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆಂದೇ ಹಣವನ್ನು ಒದಗಿಸುತ್ತ ಬಂದಿದೆ. ನಮ್ಮಲ್ಲಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬೇಸಗೆಯ ಸಂಶೋಧನ ವೇತನಗಳನ್ನು ನೀಡುತ್ತ ಬಂದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ಆರಂಭಿಸಿದ ನಾಲ್ಕು ವರ್ಷದ ಪದವಿಯಲ್ಲಿ ಸಂಶೋಧನೆಯೂ ಓದಿನ ಭಾಗವಾಗಿದೆ.

ಇವು ಸ್ತುತ್ಯವಾದುವು. ಆದರೆ ಆಯ್ಕೆಯಾದ ಕೆಲವರಿಗಷ್ಟೇ ಅಲ್ಲಿ ಸ್ಥಳವುಂಟು. ತಾಲ್ಲೂಕು ಕೇಂದ್ರದ ಕಾಲೇಜು ಅದಕ್ಕಾಗಿ ಕಾಯಬೇಕಾಗಿಲ್ಲ. ಕೊನೆಯ ವರ್ಷದಲ್ಲಿ ವಾರಕ್ಕೊಂದು ಮಧ್ಯಾಹ್ನ, ಮೂವರು ನಾಲ್ವರಿಗೊಂದು ಸಮಸ್ಯೆ, ಪುಟಗಳಿಗೆ ಅಂಕಿ ಹಾಕಿದ ಒಂದು ಟಿಪ್ಪಣಿ ಪುಸ್ತಕ, ಇಷ್ಟರಿಂದ ಆರಂಭಿಸಬಹುದು. ಕಣ್ಣಿಗೆ ಕನ್ನಡಕ, ಮೈಗೆ ಹೊದಿಕೆ, ಪಕ್ಕದಲ್ಲಿ ಅಧ್ಯಾಪಕರು ಇರಲೇಬೇಕು; ಅಪಾಯವುಳ್ಳ ವಸ್ತುಗಳನ್ನು ದೂರವಿಡಬೇಕು. ಅಧ್ಯಾಪಕರ ಆ ಮಧ್ಯಾಹ್ನವನ್ನು ಅವರ ಪಾಠದ ಹೊರೆಯಲ್ಲಿ ಎಣಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಫಲಿತಾಂಶಕ್ಕಲ್ಲದೆ ಟಿಪ್ಪಣಿ ಪುಸ್ತಕಕ್ಕೆ ಅಂಕಗಳನ್ನು ಕೊಡಬೇಕು. “ಬರಲಿಲ್ಲ, ಕಾರಣ ಹೀಗಿರಬಹುದು, ಮುಂದಿನ ವಾರ ಹೀಗೆ ಪರೀಕ್ಷಿಸುವೆವು” ಎಂದು ಬರೆದ ವಿದ್ಯಾರ್ಥಿಗೆ ಪೂರ್ಣಾಂಕ ದೊರೆಯುವ ಪದ್ಧತಿ ಬಂದರೆ, ನಮ್ಮಂತೆ 20.6ನ್ನು 20.1 ಮಾಡುವವರ ಸಂಖ್ಯೆ ತಾನಾಗಿಯೇ ಇಳಿದೀತು.